ಜಮೀನಿನ ಕಾಗದಗಳಲ್ಲಿ ಉಳಿದ ಲಿಂಕನ್ ಮನೆತನ

ಅಬ್ರಹಾಂ ಲಿಂಕನ್‌ಗೆ ತನ್ನ ತಾತನಿಂದ ಆಚೆಗಿನ ವಂಶದ ಬಗ್ಗೆ ಗೊತ್ತಿದ್ದದ್ದು ಬಹಳ ಕಡಿಮೆ. 1848ರ ಮಾರ್ಚ್‌ನಲ್ಲಿ, ಆತ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸದಸ್ಯನಾಗಿ ವಾಷಿಂಗ್ಟನ್‌ನಲ್ಲಿದ್ದಾಗ, ಮ್ಯಾಸಚೂಸೆಟ್ಸ್‌ನ ಹಿಂಗಮ್ ಊರಿನ ಸಾಲಮನ್ ಲಿಂಕನ್ ಎಂಬಾತ ಪೂರ್ವಿಕರ ವಿವರ ಕೇಳಿ ಪತ್ರ ಬರೆದಿದ್ದ. ತಾತ ವರ್ಜೀನಿಯಾದ ರಾಕಿಂಗಮ್ ಕೌಂಟಿಯಿಂದ ಕೆಂಟಕಿಗೆ ಬಂದವನೆಂದೂ, ಅದಕ್ಕೆ ಹಿಂದಿನವರು ಪೆನ್ಸಿಲ್ವೇನಿಯಾದ ಕ್ವೇಕರ್ ಎಂಬ ಕ್ರೈಸ್ತ ಪಂಥದವರೆಂದು ಮನೆಯಲ್ಲಿ ಕೇಳಿದ ಮಾತಿದೆಯೆಂದೂ ಲಿಂಕನ್ ಉತ್ತರಿಸಿದ. ಅದೇ ತಿಂಗಳು ವರ್ಜೀನಿಯಾದಲ್ಲಿದ್ದ ಡೇವಿಡ್ ಲಿಂಕನ್ ಎಂಬ ದಾಯಾದಿಗೂ ಬರೆದು ವಿಚಾರಿಸಿದ. ಈ ಹುಡುಕಾಟ ಎಲ್ಲಿಗೂ ತಲುಪಲಿಲ್ಲ. ಎನಾಕ್, ಲೀವೈ, ಮಾರ್ಡಕೈ, ಸಾಲಮನ್, ಅಬ್ರಹಾಂ ಎಂಬ ಹೆಸರುಗಳು ತಮ್ಮಲ್ಲೂ ನ್ಯೂ ಇಂಗ್ಲೆಂಡಿನ ಲಿಂಕನ್ನರಲ್ಲೂ ಇವೆ ಎಂಬುದಕ್ಕಿಂತ ಹೆಚ್ಚೇನೂ ತಿಳಿದುಬರಲಿಲ್ಲ ಎಂದು 1859ರಲ್ಲಿ ಬರೆದ ತನ್ನ ಪರಿಚಯದ ಟಿಪ್ಪಣಿಯಲ್ಲಿ ಆತ ಹೇಳಿಕೊಂಡಿದ್ದಾನೆ.

ಸುಳಿವು ಆ ಹೆಸರುಗಳಲ್ಲೇ ಇತ್ತು. ಆದರೆ ಹೆಸರುಗಳನ್ನಷ್ಟೇ ನೆಚ್ಚಿ ವಂಶವೃಕ್ಷ ಬರೆಯಲಾಗದು, ಏಕೆಂದರೆ ತಲೆಮಾರಿನಿಂದ ತಲೆಮಾರಿಗೆ ಅವೇ ಹೆಸರುಗಳನ್ನು ಮಕ್ಕಳಿಗೆ ಇಡುತ್ತ ಹೋದ ಮನೆತನದಲ್ಲಿ ಯಾವ ಮಾರ್ಡಕೈ ಯಾರ ಮಗ ಎಂಬುದನ್ನು ಕಂಡುಕೊಳ್ಳಲು ಜಮೀನಿನ ಪತ್ರಗಳೇ ಬೇಕಾಗುತ್ತವೆ. ಲಿಂಕನ್ ಸತ್ತ ಎರಡು ದಶಕಗಳ ಮೇಲೆ, 1880ರ ದಶಕದಲ್ಲಿ, ಸಂಶೋಧಕರು ಉಯಿಲು ಮತ್ತು ಕ್ರಯಪತ್ರಗಳನ್ನು ಒಂದಕ್ಕೊಂದು ಜೋಡಿಸಿದಾಗ ದಾರಿ ತೆರೆಯಿತು. ಮೂಲಪುರುಷ ಸ್ಯಾಮ್ಯುಯೆಲ್ ಲಿಂಕನ್ ಇಂಗ್ಲೆಂಡಿನ ನಾರ್ಫೋಕ್ ಸೀಮೆಯವನು. ನೇಯ್ಗೆಯವನ ಬಳಿ ಕೆಲಸ ಕಲಿಯುತ್ತಿದ್ದ ಹುಡುಗ 1637ರಲ್ಲಿ ಮ್ಯಾಸಚೂಸೆಟ್ಸ್‌ಗೆ ಬಂದು ಹಿಂಗಮ್‌ನಲ್ಲಿ ನೆಲೆ ನಿಂತ. ಅವನ ಮಗ ಮಾರ್ಡಕೈ ಕಬ್ಬಿಣದ ಕೆಲಸದವನು. ಅದೇ ಹೆಸರಿನ ಮೊಮ್ಮಗ ನ್ಯೂ ಜೆರ್ಸಿಗೆ ಹೋಗಿ, ಅಲ್ಲಿಂದ ಪೆನ್ಸಿಲ್ವೇನಿಯಾದ ಈಗಿನ ಬರ್ಕ್ಸ್ ಕೌಂಟಿಗೆ ಸರಿದು, 1736ರಲ್ಲಿ ತೀರಿಕೊಂಡ. ನ್ಯೂ ಜೆರ್ಸಿಯ ಜಮೀನನ್ನು ಅವನು ಉಯಿಲಿನಲ್ಲಿ ಹಿರಿಯ ಮಗ ಜಾನ್‌ಗೆ ಬರೆದಿದ್ದ. ಮೂರು ವಸಾಹತುಗಳಲ್ಲಿ ಹರಡಿಹೋಗಿದ್ದ ಮನೆತನದ ಕೊಂಡಿ ಸಿಕ್ಕಿದ್ದು ಇಂಥ ಆಸ್ತಿಯ ಜಾಡಿನಿಂದ. ಜಾನ್ 1768ರಲ್ಲಿ ವರ್ಜೀನಿಯಾದ ಶೆನಂಡೋವಾ ಕಣಿವೆಗೆ ಹೋದ, ಅವನ ಮಗ ಅಬ್ರಹಾಂ 1782ರ ಸುಮಾರಿಗೆ ಕೆಂಟಕಿಗೆ ಹೋದ. ಪೆನ್ಸಿಲ್ವೇನಿಯಾದಲ್ಲಿ ಇವರಿಗೆ ನೆರೆಯವರೂ ನೆಂಟರೂ ಆಗಿದ್ದ ಬೂನ್ ಮನೆತನದ ಡೇನಿಯಲ್ ಬೂನ್ ಆ ಹೊತ್ತಿಗಾಗಲೇ ಕೆಂಟಕಿಯಲ್ಲಿ ಹೊಸ ನೆಲ ಹುಡುಕುವ ಸಾಹಸಿಯಾಗಿ ಹೆಸರು ಮಾಡಿದ್ದ.

1786ರ ಮೇ ತಿಂಗಳಲ್ಲಿ ಈ ತಾತ ಅಬ್ರಹಾಂ ತನ್ನ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ, ಆ ನೆಲವನ್ನು ಬಿಟ್ಟುಕೊಡಲು ಒಪ್ಪದಿದ್ದ ಮೂಲನಿವಾಸಿಗಳ ದಾಳಿಯಲ್ಲಿ ಸತ್ತ. ಕೆಂಟಕಿ ಆಗಿನ್ನೂ ವರ್ಜೀನಿಯಾದ ಭಾಗ. ಆಸ್ತಿಯೆಲ್ಲ ಹಿರಿಯ ಮಗನಿಗೇ ಎಂಬ ಹಳೆಯ ನಿಯಮವನ್ನು ತೆಗೆದುಹಾಕುವ ಕಾನೂನು ಆಗಲೇ ಅಂಗೀಕಾರವಾಗಿದ್ದರೂ ಜಾರಿಗೆ ಬಂದದ್ದು 1787ರ ಜನವರಿಯಿಂದ. ಆ ಕೆಲವೇ ತಿಂಗಳುಗಳ ಅಂತರದಲ್ಲಿ ಸಾವಿರಾರು ಎಕರೆ ಹಿರಿಯ ಮಗ ಮಾರ್ಡಕೈ ಪಾಲಾಯಿತು, ಕಿರಿಯವನಾದ ಥಾಮಸ್‌ಗೆ, ಅಂದರೆ ಲಿಂಕನ್‌ನ ತಂದೆಗೆ, ಹಿಸ್ಸೆ ಸಿಗಲಿಲ್ಲ. ಲಿಂಕನ್ ಹುಟ್ಟಿದ ಮನೆ ಬಡಮನೆಯಾಗಿದ್ದಕ್ಕೆ ತಂದೆಯ ಸೋಮಾರಿತನವನ್ನು ಕಾರಣ ಮಾಡಿದ ಜೀವನಚರಿತ್ರೆಕಾರರು ಈ ದಿನಾಂಕವನ್ನು ಗಮನಿಸಬೇಕಿತ್ತು.

ಥಾಮಸ್ ಕೂಲಿ ಮಾಡಿ, ಬಡಗಿತನ ಕಲಿತು, ಕೆಂಟಕಿಯಲ್ಲಿ ಒಂದಾದ ಮೇಲೊಂದರಂತೆ ಮೂರು ಜಮೀನು ಹಿಡಿದ. ಮೂರರಲ್ಲೂ ತಕರಾರು ಬಂತು. ಅಲ್ಲಿ ಸರ್ಕಾರಿ ಅಳತೆ ಮೊದಲು ನಡೆದಿರಲಿಲ್ಲ. ಬಂದವರು ತಮಗೆ ತೋಚಿದಂತೆ ಮರ, ಬಂಡೆ, ಹಳ್ಳಗಳನ್ನು ಗುರುತಿಟ್ಟು ಚಕ್ಕುಬಂದಿ ಬರೆಸುತ್ತಿದ್ದರು, ಆದ್ದರಿಂದ ಒಬ್ಬನ ಹಕ್ಕು ಇನ್ನೊಬ್ಬನ ಹಕ್ಕಿನ ಮೇಲೆ ಬೀಳುತ್ತಿತ್ತು. ಸಿಂಕಿಂಗ್ ಸ್ಪ್ರಿಂಗ್ ಎಂಬ ಜಮೀನಿನಲ್ಲಿ 1809ರ ಫೆಬ್ರುವರಿ 12ರಂದು ಅಬ್ರಹಾಂ ಹುಟ್ಟಿದ. ಅದೂ ವ್ಯಾಜ್ಯದಲ್ಲಿ ಕೈಬಿಟ್ಟಿತು. ನಾಬ್ ಕ್ರೀಕ್ ಎಂಬ ಮೂರನೆಯ ಜಮೀನಿನಿಂದ ಒಕ್ಕಲೆಬ್ಬಿಸುವ ದಾವೆ ನಡೆಯುತ್ತಿರುವಾಗಲೇ, 1816ರ ಕೊನೆಯಲ್ಲಿ, ಸಂಸಾರ ಇಂಡಿಯಾನಾಕ್ಕೆ ಹೊರಟಿತು. ಗುಲಾಮಗಿರಿಯೂ ಒಂದು ಕಾರಣ, ಆದರೆ ಮುಖ್ಯ ಕಾರಣ ಭೂಮಿಯ ಹಕ್ಕಿನ ತೊಡಕು ಎಂದು ಲಿಂಕನ್ ಮುಂದೆ ಬರೆದ. ಇಂಡಿಯಾನಾದಲ್ಲಿ 1785ರ ಭೂ ಸುಗ್ರೀವಾಜ್ಞೆಯಂತೆ ನೆಲವನ್ನು ಮೊದಲೇ 640 ಎಕರೆಯ ಚೌಕಗಳಾಗಿ ಅಳೆದು ಮಾರುತ್ತಿದ್ದರು. ಥಾಮಸ್ 1817ರಲ್ಲಿ ವಿನ್ಸೆನ್ಸ್ ಭೂ ಕಚೇರಿಯಲ್ಲಿ ಎಕರೆಗೆ 2 ಡಾಲರ್‌ನಂತೆ 160 ಎಕರೆಗೆ ಹೆಸರು ಬರೆಸಿದ, ಹಣ ಹೊಂದದೆ ಅರ್ಧ ಬಿಟ್ಟುಕೊಟ್ಟು, 1827ರಲ್ಲಿ 80 ಎಕರೆಗೆ ನಿರ್ವಿವಾದದ ಹಕ್ಕು ಪಡೆದ.

ಅವನನ್ನು ಊರು ಬಿಡಿಸಿದ ಆ ದಾವೆಗಳೇ ಇಂದು ಅವನ ಬದುಕಿನ ಒಳ್ಳೆಯ ದಾಖಲೆಗಳಾಗಿವೆ. 1920ರ ದಶಕದಲ್ಲಿ ಲೂಯಿಸ್ ವಾರನ್ ಎಂಬ ಸಂಶೋಧಕ ಕೆಂಟಕಿಯ ಕಚೇರಿಗಳ ಕಂದಾಯ ಪಟ್ಟಿ, ನ್ಯಾಯಾಲಯದ ಕಡತಗಳನ್ನೆಲ್ಲ ಜಾಲಾಡಿ, ಥಾಮಸ್ ಕುದುರೆಗಳನ್ನು ಸಾಕಿದ್ದ, ತೆರಿಗೆ ಕಟ್ಟಿದ, ಜ್ಯೂರಿಯಲ್ಲಿ ಕುಳಿತ ಮಾನವಂತ ರೈತನೆಂದು ತೋರಿಸಿದ. ಅದಕ್ಕೂ ಮುಂಚೆ, 1870ರ ದಶಕದ ಕೊನೆಯಲ್ಲಿ, ಥಾಮಸ್ ಮತ್ತು ಲಿಂಕನ್‌ನ ತಾಯಿ ನ್ಯಾನ್ಸಿ ಹ್ಯಾಂಕ್ಸ್‌ರ 1806ರ ಮದುವೆಯ ದಾಖಲೆ ಕೆಂಟಕಿಯ ವಾಷಿಂಗ್ಟನ್ ಕೌಂಟಿಯಲ್ಲಿ ಸಿಕ್ಕಿತ್ತು. ಅಲ್ಲಿಯವರೆಗೆ ಜನ ಹಾರ್ಡಿನ್ ಕೌಂಟಿಯಲ್ಲಿ ಹುಡುಕಿ, ಕಾಣದೆ, ಮದುವೆಯೇ ಆಗಿರಲಿಲ್ಲವೆಂದು ಗುಸುಗುಟ್ಟುತ್ತಿದ್ದರು.

ನ್ಯಾನ್ಸಿಯ ಕಡೆಯ ಕಥೆ ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಆಕೆಯ ಹೆಸರಿನಲ್ಲಿ ಜಮೀನಿರಲಿಲ್ಲ. 1850ರ ತನಕ ಅಮೆರಿಕದ ಜನಗಣತಿ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಳ್ಳುತ್ತಿತ್ತು. ನ್ಯಾನ್ಸಿ 1818ರಲ್ಲೇ, ವಿಷದ ಗಿಡ ಮೇಯ್ದ ಹಸುವಿನ ಹಾಲಿನಿಂದ ಬರುವ ಕಾಯಿಲೆಯಲ್ಲಿ ತೀರಿಕೊಂಡಿದ್ದಳು. ತನ್ನ ತಾಯಿ ನ್ಯಾನ್ಸಿ, ಲೂಸಿ ಹ್ಯಾಂಕ್ಸ್ ಎಂಬಾಕೆಗೆ ಮದುವೆಯ ಹೊರಗೆ, ವರ್ಜೀನಿಯಾದ ಒಬ್ಬ ಭೂಮಾಲೀಕನಿಂದ ಹುಟ್ಟಿದವಳೆಂದು ಲಿಂಕನ್ ತನಗೆ ಹೇಳಿದ್ದನೆಂದು ಅವನ ವಕೀಲಿ ಪಾಲುದಾರ ಹರ್ನ್‌ಡನ್ ಬರೆದ. ಇದನ್ನು ಸಹಿಸದವರು 1899ರಲ್ಲಿ ಜೋಸೆಫ್ ಹ್ಯಾಂಕ್ಸ್ ಎಂಬ ರೈತನ 1793ರ ಉಯಿಲನ್ನು ಮುಂದಿಟ್ಟರು. ಅದರಲ್ಲಿ ನ್ಯಾನ್ಸಿ ಎಂಬ ಮಗಳಿಗೆ ಪೀಡಿ ಎಂಬ ಕಡಸನ್ನು ಬರೆಯಲಾಗಿದೆ. ಆದರೆ ಆ ನ್ಯಾನ್ಸಿ ಲಿಂಕನ್‌ನ ತಾಯಿಯಲ್ಲ, ಲೂಸಿಯ ತಂಗಿ. ಉಯಿಲಿನಲ್ಲಿ ಲೂಸಿಯ ಹೆಸರೇ ಇಲ್ಲ. ಇನ್ನು ಕೆಲವರು ಲೂಸಿಯು ಹ್ಯಾಂಕ್ಸ್ ಮನೆಯ ಮಗಳಲ್ಲ, ಶಿಪ್ಲಿ ಮನೆತನದಿಂದ ಬಂದ ಸೊಸೆ ಎಂದರು.

ತಾಯಿಯಿಂದ ಮಾತ್ರ ಮಕ್ಕಳಿಗೆ ಸಾಗುವ ಮೈಟೊಕಾಂಡ್ರಿಯಾದ ಡಿಎನ್‌ಎಯನ್ನು ಈ ಕುಟುಂಬಗಳ ಹೆಣ್ಣುಸಂತತಿಯವರಲ್ಲಿ ಹೋಲಿಸಿ ನೋಡಿದ ಅಧ್ಯಯನದ ಫಲ 2015ರಲ್ಲಿ ಹೊರಬಂತು. ಲೂಸಿಯ ಸಂತತಿಯಲ್ಲೂ ಜೋಸೆಫ್‌ನ ಇತರ ಹೆಣ್ಣುಮಕ್ಕಳ ಸಂತತಿಯಲ್ಲೂ ಒಂದೇ ಅಪರೂಪದ ಬಗೆ ಕಂಡುಬಂದದ್ದರಿಂದ ಲೂಸಿಯು ಜೋಸೆಫ್ ಮತ್ತು ಅವನ ಹೆಂಡತಿಯ ಮಗಳೆಂಬ ವಾದವೇ ನಿಂತಿತು. ನ್ಯಾನ್ಸಿಯ ತಂದೆ ಯಾರೆಂಬುದನ್ನು ಆ ಪರೀಕ್ಷೆ ಹೇಳಲಾರದು. ಅದಕ್ಕೆ ಇವತ್ತಿಗೂ ಹರ್ನ್‌ಡನ್ ಬರೆದಿಟ್ಟ ಮಾತೇ ಮುಖ್ಯ ಆಧಾರ.