ನೊರೆ ಕೊಳೆ ತೆಗೆಯುವುದಿಲ್ಲ

"ಈ ಪುಡಿ ಸರಿಯಿಲ್ಲ, ನೊರೆನೇ ಬರಲ್ಲ." ಬಟ್ಟೆ ಒಗೆಯುವ ಮನೆಗಳಲ್ಲೆಲ್ಲ ಈ ಮಾತು ಕೇಳಿಸುತ್ತದೆ. ಬಕೆಟ್ ತುಂಬಿ ಉಕ್ಕುವ ನೊರೆಯನ್ನು ಜಾಹೀರಾತಿನವರು ತೋರಿಸಿ ತೋರಿಸಿ ನಮ್ಮನ್ನು ಹೀಗೆ ಮಾಡಿಟ್ಟಿದ್ದಾರೆ. ನೊರೆಯಲ್ಲಿ ಇರುವುದೇನು? ತೆಳ್ಳನೆ ಸೋಪುನೀರಿನ ಪೊರೆ, ಅದರೊಳಗೆ ಸಿಕ್ಕಿಕೊಂಡ ಗಾಳಿ. ಗಾಳಿ ಎಣ್ಣೆ ಕಲೆ ತೆಗೆಯುತ್ತದಾ?

ಕೆಲಸ ನಡೆಯುವುದು ಕೆಳಗೆ, ನೀರಿನಲ್ಲಿ. ಸೋಪಿನ ಅಣುವಿನ ಒಂದು ತುದಿಗೆ ನೀರು ಇಷ್ಟ. ಉದ್ದನೆಯ ಬಾಲಕ್ಕೆ ನೀರು ಕಂಡರಾಗದು, ಜಿಡ್ಡೇ ಬೇಕು. ಹಾಗಾಗಿ ಬಾಲಗಳೆಲ್ಲ ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆಗೆ ಉಳಿಯುತ್ತವೆ. ಉಜ್ಜಿದಾಗ ಜಿಡ್ಡು ನೂಲಿನಿಂದ ಸುರುಳಿಕೊಂಡು ಎದ್ದು ಬರುತ್ತದೆ. ಒಂದೊಂದು ಹನಿಯೂ ಕದಂಬದ ಹೂವಿನಂತೆ: ನಡುವೆ ಜಿಡ್ಡಿನ ಉಂಡೆ, ಸುತ್ತಲೂ ಹೊರಗೆ ಚಾಚಿದ ತಲೆಗಳು. ಆ ತಲೆಗಳಲ್ಲಿ ಋಣ ವಿದ್ಯುದಂಶ ಇರುವುದರಿಂದ ಹನಿಗಳು ಒಂದನ್ನೊಂದು ದೂರ ತಳ್ಳುತ್ತವೆ, ಮತ್ತೆ ಸೇರುವುದಿಲ್ಲ. ಸೋಪುನೀರಿನಲ್ಲಿ ಹತ್ತಿಯ ನೂಲಿಗೂ ಅದೇ ವಿದ್ಯುದಂಶ. ಅದೂ ಕೊಳೆಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಇಷ್ಟರಲ್ಲಿ ನೊರೆಗೆ ಎಲ್ಲೂ ಪಾತ್ರವಿಲ್ಲ, ನೋಡಿ.

ಸೋಪು ನೀರಿನ ಮೇಲ್ಮೈ ಬಿಗಿತವನ್ನೂ ಸಡಿಲಿಸುತ್ತದೆ, ನೀರು ನೂಲಿನೊಳಗೆ ಸುಲಭವಾಗಿ ಇಳಿಯುತ್ತದೆ. ಈ ಬಿಗಿತವನ್ನು ಚೆನ್ನಾಗಿ ಅಳೆದು ತೋರಿಸಿದವರಲ್ಲಿ ಒಬ್ಬಾಕೆ ಜರ್ಮನಿಯ ಬ್ರೌನ್‌ಶ್ವೈಗ್ ಊರಿನ ಆಗ್ನೆಸ್ ಪೊಕೆಲ್ಸ್. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆದಿರಲಿಲ್ಲ. ಭೌತಶಾಸ್ತ್ರ ಓದುತ್ತಿದ್ದ ಆಕೆಯ ತಮ್ಮ ಪುಸ್ತಕಗಳನ್ನು ಕಳಿಸುತ್ತಿದ್ದ, ಆಕೆ ಮನೆಗೆಲಸದ ನಡುವೆ ಓದುತ್ತಿದ್ದಳು. ಒಂದು ತಗಡಿನ ತೊಟ್ಟಿ, ನೀರಿನ ಮೇಲೆ ಸರಿಸಲು ಒಂದು ಪಟ್ಟಿ, ತಕ್ಕಡಿಗೆ ನೇತುಹಾಕಿದ ಒಂದು ಗುಂಡಿ, ಅಷ್ಟೇ ಆಕೆಯ ಪ್ರಯೋಗಾಲಯ. 1891ರಲ್ಲಿ ಫಲಿತಾಂಶಗಳನ್ನು ಬರೆದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಗೆ ಕಳಿಸಿದಳು. ಆತ ದೊಡ್ಡ ಮನಸ್ಸಿನವ. ಪತ್ರವನ್ನು 'ನೇಚರ್' ಪತ್ರಿಕೆಗೆ ದಾಟಿಸಿದ, ಅದು ಅದೇ ವರ್ಷ ಅಚ್ಚಾಯಿತು. ಮುಂದೆ ಇಂಥದ್ದೇ ತೊಟ್ಟಿಯಲ್ಲಿ ಕೆಲಸ ಮಾಡಿದ ಅಮೆರಿಕದ ರಸಾಯನವಿಜ್ಞಾನಿ ಲ್ಯಾಂಗ್ಮೂರ್‌ಗೆ 1932ರಲ್ಲಿ ನೊಬೆಲ್ ಸಿಕ್ಕಿತು. ತೊಟ್ಟಿಗೂ ಅವನ ಹೆಸರೇ ಅಂಟಿಕೊಂಡಿತು!

ಇರಲಿ, ನೊರೆಗೆ ಬರೋಣ. ಕೋಲಾರದ ಕಡೆಯ ಬೋರ್‌ವೆಲ್ ನೀರಲ್ಲಿ ಸೋಪು ಎಷ್ಟು ತಿಕ್ಕಿದರೂ ನೊರೆ ಏಳುವುದು ಕಷ್ಟ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿಗೆ ಅಂಟಿಕೊಂಡು ಬಿಳಿ ಗಸಿ ಮಾಡಿಬಿಡುತ್ತವೆ. ಬಕೆಟ್ಟಿನ ಅಂಚಿನ ಕರೆ ಅದೇ. ಇಲ್ಲಿ ಮಾತ್ರ ನೊರೆ ಒಂದು ಸುಳಿವು ಕೊಡುತ್ತದೆ: ನೊರೆ ಬಂತೆಂದರೆ ಗಸಿಯಾಗದೆ ಒಂದಿಷ್ಟು ಸೋಪು ಉಳಿದಿದೆ ಅಂತ. ಡಿಟರ್ಜೆಂಟ್ ಪುಡಿಗೆ ಗಡಸು ನೀರಿನ ಕಾಟ ಅಷ್ಟಿಲ್ಲ. ಅದರ ನೊರೆ ನೋಡಿ ಗುಣ ಅಳೆಯುವುದು ಸುಮ್ನೆ.

ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್‌ನಲ್ಲಂತೂ ನೊರೆ ತೊಂದರೆಯೇ. ಅಲ್ಲಿ ಬಟ್ಟೆ ಮೇಲಿಂದ ಬಿದ್ದು ಬಡಿದುಕೊಂಡು ಕೊಳೆ ಬಿಡಬೇಕು. ನೊರೆ ಜಾಸ್ತಿಯಾದರೆ ಆ ಪೆಟ್ಟೇ ಬೀಳುವುದಿಲ್ಲ. ಅದಕ್ಕೇ ಅಂಥ ಮೆಷಿನ್ನಿನ ಪುಡಿಗಳನ್ನು ನೊರೆ ಕಡಿಮೆ ಬರುವಂತೆ ಮಾಡಿರುತ್ತಾರೆ. ಗಾಜಿನಾಚೆ ನೊರೆ ಕಾಣಲಿಲ್ಲವೆಂದು ಇನ್ನೊಂದು ಚಮಚ ಸುರಿಯುವವರು ಆಮೇಲೆ ಪುಡಿಯ ಅಂಟು ಹೋಗಲಿಲ್ಲವೆಂದು ಅದೇ ಬಟ್ಟೆಯನ್ನು ಮತ್ತೆ ಜಾಲಿಸುತ್ತಾ ಕೂರುತ್ತಾರೆ.