ಚೆಂದದ ಕೋಳಿ, ಚಾಕರಿಯ ಲೆಕ್ಕ

ಪುಟ್ಟ ಅಲಂಕಾರಿಕ ಕೋಳಿಗಳನ್ನು ಮುದ್ದಿಗಾಗಿ ಸಾಕಬೇಕೆಂದು ಹೊರಟವರು ಪಕ್ಷಿವೈದ್ಯರಲ್ಲಿ ಮೊದಲು ಕೇಳುವ ಪ್ರಶ್ನೆ, ಯಾವ ತಳಿ ಒಳ್ಳೆಯದು ಎಂಬುದು. ನಾನು ಆ ಪ್ರಶ್ನೆಯನ್ನು ತಿರುಗಿಸಿ, ಈ ಹಕ್ಕಿಯಲ್ಲಿ ನಿಮ್ಮ ಮನಸ್ಸು ಸೆಳೆದ ಅಂಗ ಯಾವುದು ಎಂದು ಕೇಳುತ್ತೇನೆ. ತಲೆಯ ಮೇಲಿನ ಪುಕ್ಕದ ತುರಾಯಿಯೇ, ಪಾದ ಮುಚ್ಚಿದ ಗರಿಯೇ, ನವಿರಾದ ಮೈಯೇ, ಕುಳ್ಳು ಕಾಲೇ, ಅಂಗೈಯಲ್ಲಿ ಕೂರುವ ಗಾತ್ರವೇ? ಗೂಡು, ಮೇವು, ನೀರು ಎಲ್ಲ ಕೋಳಿಗಳಿಗೂ ಹೆಚ್ಚುಕಡಿಮೆ ಒಂದೇ. ಸಾಕುವವರ ಮೇಲೆ ಬೀಳುವ ವಿಶೇಷ ಚಾಕರಿ ಮಾತ್ರ ಅವರು ಮೆಚ್ಚಿ ತಂದ ಆ ಅಂಗದಿಂದಲೇ ಹುಟ್ಟುತ್ತದೆ.

ಹೊಸಬರು ಅತಿ ಹೆಚ್ಚು ಮರುಳಾಗುವುದು ಸಿಲ್ಕಿ ತಳಿಗೆ. ಸಾಮಾನ್ಯ ಕೋಳಿಯ ಗರಿಯಲ್ಲಿ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ಸೂಕ್ಷ್ಮ ಕೊಕ್ಕೆಗಳಿರುತ್ತವೆ; ಅವು ಜಿಪ್ಪಿನ ಹಲ್ಲುಗಳಂತೆ ಕೂಡಿಕೊಂಡು ಗರಿಯನ್ನು ಒಂದು ಹಾಳೆಯಾಗಿ ಮಾಡುವುದರಿಂದಲೇ ಮಳೆಹನಿ ಮೈಮೇಲಿಂದ ಜಾರಿಹೋಗುತ್ತದೆ, ರೆಕ್ಕೆ ಗಾಳಿಯನ್ನು ಹಿಡಿಯುತ್ತದೆ. ಸಿಲ್ಕಿಯ ಗರಿಯಲ್ಲಿ ಈ ಹೆಣಿಗೆ ಇಲ್ಲ. ಮುಟ್ಟಿದವರಿಗೆ ಹಿತವಾಗುವ ಆ ನವಿರುತನದ ಇನ್ನೊಂದು ಮುಖವೆಂದರೆ, ನೀರು ನೇರವಾಗಿ ಚರ್ಮಕ್ಕೆ ಇಳಿಯುತ್ತದೆ, ಹಕ್ಕಿ ಹಾರಲಾರದು. ಆದ್ದರಿಂದ ಸಿಲ್ಕಿಗೆ ಮೇಲ್ಛಾವಣಿಯಿರುವ ಅಂಗಳ ಬೇಕು, ಮಲಗುವ ಅಡ್ಡಗೋಲು ನೆಲದಿಂದ ಒಂದು ಗೇಣು ಎತ್ತರದಲ್ಲಿದ್ದರೆ ಸಾಕು. ಮಳೆಯಲ್ಲಿ ತೊಯ್ದ ಹಕ್ಕಿಯನ್ನು ತಾನೇ ಒಣಗಲಿ ಎಂದು ಬಿಡದೆ ಒಳಗೆ ತಂದು ಬಟ್ಟೆಯಿಂದ ಒತ್ತಿ ಒರೆಸಿ ಬೆಚ್ಚಗಿಡಬೇಕು.

ಅದಕ್ಕಿಂತ ಮುಖ್ಯವಾದದ್ದು ಅದರ ತಲೆ. ಅನೇಕ ಸಿಲ್ಕಿಗಳಲ್ಲಿ ತುರಾಯಿಯ ಅಡಿಯ ತಲೆಬುರುಡೆ ಗುಮ್ಮಟದಂತೆ ಉಬ್ಬಿರುವುದಲ್ಲದೆ, ಮೂಳೆ ಪೂರ್ಣವಾಗಿ ಮುಚ್ಚಿಕೊಂಡಿರುವುದಿಲ್ಲ, ಮಿದುಳಿನ ಆ ಭಾಗಕ್ಕೆ ಚರ್ಮವೇ ಕಾವಲು. ದೊಡ್ಡ ಹೇಂಟೆಯೊಂದು ಮೇವಿನ ಬಳಿ ಗದರಿಸಲು ಕೊಟ್ಟ ಒಂದೇ ಕುಕ್ಕು ಬೇರೆ ಕೋಳಿಗೆ ಗೀರು ಆದರೆ, ಸಿಲ್ಕಿಗೆ ಕತ್ತು ತಿರುಚಿಕೊಂಡು ಹಿಂದಕ್ಕೆ ನಡೆಯುವ ನರದ ತೊಂದರೆಯಾಗಬಹುದು. ಸಿಲ್ಕಿಯನ್ನು ಭಾರಿ ತಳಿಗಳೊಂದಿಗೆ ಒಂದೇ ಗೂಡಿನಲ್ಲಿ ಇಡಬೇಡಿ ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ತುರಾಯಿ ಕಣ್ಣಿಗೆ ಅಡ್ಡ ಬಂದರೆ ಹಕ್ಕಿಗೆ ಪಕ್ಕದ ದೃಷ್ಟಿ ಹೋಗುತ್ತದೆ. ಕೈ ತಾಗಿದಾಗ ಬೆಚ್ಚುವುದು, ಮೇವಿನ ತಟ್ಟೆಯನ್ನು ತಡವಾಗಿ ಕಂಡುಕೊಳ್ಳುವುದು ಅದರ ಗುರುತು. ಕಣ್ಣಿನ ಸುತ್ತಲಿನ ಪುಕ್ಕವನ್ನು ತುದಿ ಮೊಂಡಾದ ಕತ್ತರಿಯಿಂದ ಮೊಟಕುಗೊಳಿಸಿದರೆ ಎಷ್ಟೋ 'ಪುಕ್ಕಲು' ಕೋಳಿಗಳು ಅದೇ ದಿನ ಧೈರ್ಯಶಾಲಿಗಳಾಗುತ್ತವೆ. ಪ್ರದರ್ಶನಕ್ಕೆ ಒಯ್ಯುವವರು ಕತ್ತರಿಸಲು ಒಪ್ಪದೆ ಸಡಿಲವಾಗಿ ಕಟ್ಟುತ್ತಾರೆ. ಮುದ್ದಿಗೆ ಸಾಕುವವರಿಗೆ ಆ ಹಂಗಿಲ್ಲ. ತುರಾಯಿ ಇನ್ನೂ ದೊಡ್ಡದಾದ ಪೋಲಿಷ್ ತಳಿಗೂ ಈ ಮಾತು ಹೊಂದುತ್ತದೆ.

ಪಾದದ ಗರಿಯ ಮಾತಿಗೆ ಬಂದರೆ, ಪೆಕಿನ್ ಬ್ಯಾಂಟಮ್ (ಬ್ಯಾಂಟಮ್ ಎಂದರೆ ಕಿರುಗಾತ್ರದ ಕೋಳಿ) ಮತ್ತು ಬೆಲ್ಜಿಯಂ ಮೂಲದ ಗಡ್ಡದ, ಗರಿಗಾಲಿನ ಬ್ಯಾಂಟಮ್‌ಗಳು ಸ್ವಭಾವದಲ್ಲಿ ಸೌಮ್ಯ, ಮಕ್ಕಳ ಮಡಿಲಲ್ಲಿ ಕೂರುವಂಥವು. ಆದರೆ ಅವುಗಳ ಕಾಲಿಗೆ ಕೆಸರು ಶತ್ರು. ಒದ್ದೆ ನೆಲದಲ್ಲಿ ಓಡಾಡಿದ ಪಾದದ ಗರಿಗೆ ಹಿಕ್ಕೆ, ಮಣ್ಣು ಮೆತ್ತಿ ಗಟ್ಟಿಯಾದ ಉಂಡೆಯಾಗುತ್ತದೆ, ಅದನ್ನು ಎಳೆದರೆ ಗರಿಯ ಬುಡದಿಂದ ರಕ್ತ ಬರುತ್ತದೆ. ಬೆಚ್ಚಗಿನ ನೀರಿನಲ್ಲಿ ನೆನೆಸಿ ಬಿಡಿಸಬೇಕು. ಆ ಗರಿಯ ಮರೆಯಲ್ಲಿ ಬೆಳೆಯುವ ಇನ್ನೊಂದು ತೊಂದರೆ ಕಾಲುನುಸಿ. ಆರೋಗ್ಯವಂತ ಕಾಲಿನ ಹುರುಪೆಗಳು ಒಂದರ ಮೇಲೊಂದು ಚಪ್ಪಟೆಯಾಗಿ ಕೂತಿರುತ್ತವೆ. ನುಸಿ ಹೊಕ್ಕ ಕಾಲಿನಲ್ಲಿ ಅವುಗಳ ಅಂಚು ಮೇಲೆದ್ದು, ಅಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ ತುಂಬಿಕೊಂಡು, ಕಾಲು ಒರಟಾಗಿ ದಪ್ಪಗೆ ಕಾಣುತ್ತದೆ. ಬರಿಗಾಲಿನ ತಳಿಯಲ್ಲಿ ದೂರದಿಂದಲೇ ಕಾಣುವ ಈ ಗುರುತು ಗರಿಗಾಲಿನ ತಳಿಯಲ್ಲಿ ಬೆರಳಿನಿಂದ ಗರಿ ಸರಿಸಿ ನೋಡಿದರಷ್ಟೇ ಸಿಗುತ್ತದೆ. ಸೀಮೆಎಣ್ಣೆ ಹಚ್ಚುವ ಹಳೆಯ ಅಭ್ಯಾಸ ಚರ್ಮವನ್ನು ಸುಡುತ್ತದೆ, ಅದನ್ನು ಬಿಡಿ. ಪೆಟ್ರೋಲಿಯಂ ಜೆಲ್ಲಿಯನ್ನು ವಾರಗಟ್ಟಲೆ ಹಚ್ಚಿ ನುಸಿಯ ಉಸಿರು ಕಟ್ಟಿಸುವುದು, ಹೆಚ್ಚಾಗಿದ್ದರೆ ವೈದ್ಯರು ಹಕ್ಕಿಯ ತೂಕಕ್ಕೆ ಅಳೆದು ಕೊಡುವ ಐವರ್ಮೆಕ್ಟಿನ್ ಬಳಸುವುದು ಸರಿಯಾದ ದಾರಿ. ಮೇಲೆದ್ದ ಹುರುಪೆಗಳನ್ನು ಕಿತ್ತು ತೆಗೆಯಬಾರದು.

ಕುಳ್ಳು ಕಾಲಿನ ಜಪಾನಿ ಬ್ಯಾಂಟಮ್, ಅಂದರೆ ಚಾಬೊ, ನಡೆಯುವಾಗ ಎದೆ ನೆಲಕ್ಕೆ ತಾಗುತ್ತಿದೆಯೇನೋ ಎನ್ನಿಸುತ್ತದೆ. ಹಾಗಾಗಿ ಹಾಸು ಸದಾ ಒಣಗಿರಬೇಕು, ಗೂಡಿನ ಹೊಸ್ತಿಲು ತಗ್ಗಾಗಿರಬೇಕು. ಮರಿ ಮಾಡಿಸುವ ಆಸೆಯಿರುವವರು ಇದರ ವಂಶವಾಹಿಯ ಕಥೆಯನ್ನೂ ತಿಳಿದಿರಬೇಕು. ಕಾಲನ್ನು ಗಿಡ್ಡಗೊಳಿಸುವ ವಂಶವಾಹಿ ಒಂದು ಪ್ರತಿ ಬಂದರೆ ಕುಳ್ಳು ಕಾಲು, ಎರಡು ಪ್ರತಿ ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಕುಳ್ಳು ಹುಂಜ, ಕುಳ್ಳು ಹೇಂಟೆಯ ಜೋಡಿಯಲ್ಲಿ ಸರಾಸರಿ ನಾಲ್ಕರಲ್ಲಿ ಒಂದು ಭ್ರೂಣಕ್ಕೆ ಈ ಗತಿ. ಕಾವಿನ ತಪ್ಪೆಂದು ಹೇಂಟೆಯನ್ನು ದೂರುವಂತಿಲ್ಲ.

ಗಾತ್ರದ ಮೋಹಕ್ಕೆ ಉತ್ತರ ಮಲೇಷಿಯಾದ ಸೆರಾಮ. 500 ಗ್ರಾಂ ಒಳಗೇ ನಿಲ್ಲುವ, ಎದೆ ಉಬ್ಬಿಸಿ ನಿಲ್ಲುವ ಈ ಹಕ್ಕಿಯನ್ನು ಕೋಳಿಗಳಲ್ಲೇ ಅತಿ ಚಿಕ್ಕದೆಂದು ಎಣಿಸುತ್ತಾರೆ. ಕೋಳಿಯ ಮೈಶಾಖ 41ರಿಂದ 42 ಡಿಗ್ರಿ ಸೆಲ್ಸಿಯಸ್. ಅಷ್ಟು ಪುಟ್ಟ ಮೈ ಆ ಶಾಖವನ್ನು ಬೇಗ ಕಳೆದುಕೊಳ್ಳುವುದರಿಂದ ಚಳಿ ಇದಕ್ಕೆ ಹೆಚ್ಚು ತಾಗುತ್ತದೆ, ಒಂದು ದಿನದ ಉಪವಾಸವೂ ಭಾರವಾಗುತ್ತದೆ. ಮನೆಯೊಳಗೆ ಸಾಕುವವರು ಅಡುಗೆಮನೆಯಿಂದ ದೂರ ಇಡಬೇಕು: ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಏಳುವ ಹೊಗೆ ಹಕ್ಕಿಯ ಶ್ವಾಸಕೋಶವನ್ನು ನಿಮಿಷಗಳಲ್ಲಿ ಕೆಡಿಸಬಲ್ಲದು. ಹಾಸಿಗೆಯಲ್ಲಿ ಮಲಗಿಸಿಕೊಳ್ಳುವವರೂ ಇದ್ದಾರೆ. ಅದು ಅವರ ಇಷ್ಟ, ನನ್ನ ಶಿಫಾರಸಲ್ಲ.

ಇಷ್ಟು ಕೇಳಿದ ಮೇಲೂ ಒಂದು ಹೆಸರು ಹೇಳಿ ಎನ್ನುವವರಿಗೆ, ನೆಲ ಒಣಗಿರುವ ಜಾಗವಿದ್ದರೆ ಪೆಕಿನ್, ಇಲ್ಲವಾದರೆ ಬರಿಗಾಲಿನ ವಯಾಂಡಾಟ್ ಬ್ಯಾಂಟಮ್ ಎನ್ನುತ್ತೇನೆ. ಪ್ರತಿ ಗರಿಗೂ ಕಪ್ಪು ಅಂಚು ಬರೆದಂತಿರುವ ಸೀಬ್ರೈಟ್ ನೋಡಲು ಎಲ್ಲಕ್ಕಿಂತ ಸೊಗಸು. ಆದರೆ ಅದು ಗಾಬರಿಯ ಹಕ್ಕಿ, ಚೆನ್ನಾಗಿ ಹಾರುತ್ತದೆ, ನರಗಳನ್ನು ಹಿಡಿಯುವ ವೈರಸ್ ಕಾಯಿಲೆಯಾದ ಮರೆಕ್ ರೋಗಕ್ಕೆ ಬೇಗ ತುತ್ತಾಗುತ್ತದೆ. ಮೊದಲ ಹಕ್ಕಿಯಾಗಿ ಬೇಡ.

ಸಂಖ್ಯೆಯ ವಿಷಯದಲ್ಲಿ ಕನಿಷ್ಠ ಮೂರು ಹೇಂಟೆಗಳಿರಲಿ. ಕೋಳಿ ಒಂಟಿಯಾಗಿ ಬಾಳುವ ಜೀವಿಯಲ್ಲ, ಎರಡಿದ್ದು ಒಂದು ಸತ್ತರೆ ಉಳಿದದ್ದು ಒಂಟಿಯಾಗುತ್ತದೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲುಕೀಳಿನ ಶ್ರೇಣಿಯಿದೆ ಎಂಬುದನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥಾರ್ಲೀಫ್ ಷೆಲ್ಡರುಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಹೊಸ ಹಕ್ಕಿ ಬಂದಾಗಲೆಲ್ಲ ಆ ಶ್ರೇಣಿ ಮತ್ತೆ ಮೊದಲಿಂದ ತೀರ್ಮಾನವಾಗಬೇಕು. ಹೊಸದನ್ನು ಮೊದಲು ಒಂದು ತಿಂಗಳು ದೂರ ಇಟ್ಟು ರೋಗವಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ಕೆಲವು ದಿನ ಜಾಲರಿಯ ಆಚೀಚೆ ಇರಿಸಿ, ನಂತರ ಕೂಡಿಸಬೇಕು. ಹುಂಜ ಇಲ್ಲದೆಯೂ ಹೇಂಟೆ ಮೊಟ್ಟೆಯಿಡುತ್ತದೆ. ಕೂಗು ನೆರೆಯವರಿಗೆ ಹಿಡಿಸದ ಕಡೆ ಮರಿಗಳನ್ನು ತರಬೇಡಿ, ಏಕೆಂದರೆ ಸಿಲ್ಕಿಯಂಥ ತಳಿಯಲ್ಲಿ ಹೆಣ್ಣು ಗಂಡು ತಿಳಿಯಲು ಐದಾರು ತಿಂಗಳು ಬೇಕಾಗಬಹುದು, ಅಷ್ಟರಲ್ಲಿ ಮಕ್ಕಳು ಹೆಸರಿಟ್ಟಿರುತ್ತಾರೆ. ಬೆಳೆದ ಹೇಂಟೆಗಳನ್ನೇ ಕೊಳ್ಳಿ.

ಗೂಡಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆರು ಮೂಲೆಯ ತೆಳು ಕೋಳಿಜಾಲರಿ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಇಲಿ, ಬೆಕ್ಕು, ನಾಯಿಯನ್ನು ಹೊರಗಿಡುವುದಿಲ್ಲ. ಸುಮಾರು 12 ಮಿಲಿಮೀಟರ್ ಕಣ್ಣಿನ ಬೆಸೆದ ಜಾಲರಿ ಹಾಕಿ, ಅಂಚನ್ನು ನೆಲದೊಳಕ್ಕೆ ಹೂಳಿ. ಗಾಳಿಕಂಡಿ ಮಲಗಿದ ಹಕ್ಕಿಯ ತಲೆಗಿಂತ ಮೇಲಿರಲಿ. ಬಗ್ಗಿ ಗೂಡಿನೊಳಗೆ ಮೂಗಿಟ್ಟಾಗ ನಿಮಗೆ ಅಮೋನಿಯದ ಘಾಟು ಬಡಿದರೆ, ಹಕ್ಕಿ ಅದನ್ನು ರಾತ್ರಿಯಿಡೀ ಉಸಿರಾಡಿದೆ ಎಂದೇ ಅರ್ಥ. ಒಣ ಮಣ್ಣು, ಮರಳು ತುಂಬಿದ ಅಗಲ ತೊಟ್ಟಿಯೊಂದು ಬೇಕೇ ಬೇಕು. ಅದರಲ್ಲಿ ಹೊರಳಾಡುವುದೇ ಕೋಳಿಯ ಸ್ನಾನ.

ಮೇವಿನಲ್ಲಿ ಆಗುವ ದೊಡ್ಡ ತಪ್ಪು ಸುಣ್ಣಾಂಶದ್ದು. ಮೊಟ್ಟೆಕೋಳಿಯ ಸಿದ್ಧ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟಿದ್ದರೆ ಬೆಳೆಯುವ ಮರಿಗೆ ಬೇಕಾದದ್ದು ಶೇ. 1ರಷ್ಟು ಮಾತ್ರ, ಹೆಚ್ಚಿನದು ಮರಿಯ ಮೂತ್ರಪಿಂಡವನ್ನು ಹಾಳು ಮಾಡುತ್ತದೆ. ಮರಿ, ಹುಂಜ, ಹೇಂಟೆ ಒಂದೇ ತಟ್ಟೆಯಲ್ಲಿ ತಿನ್ನುವ ಮನೆಯಲ್ಲಿ ಎಲ್ಲರಿಗೂ ಬೆಳವಣಿಗೆಯ ಆಹಾರ ಕೊಟ್ಟು, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟನ್ನು ತಾನೇ ಆಯ್ದುಕೊಳ್ಳುತ್ತದೆ. ಪ್ರೀತಿಗೆ ಕೊಡುವ ಕಾಳು, ಹಣ್ಣು, ಹುಳು ಎಲ್ಲ ಸೇರಿ ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರಬಾರದು. ಬೆಣ್ಣೆಹಣ್ಣು, ಚಾಕೊಲೇಟ್, ಬೇಯಿಸದ ಒಣ ಹುರುಳಿಕಾಯಿ ಬೀಜ ಬೇಡ.

ಇನ್ನು ರೋಗ. ಕೋಳಿ ತನ್ನ ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಬಣ್ಣಬಣ್ಣದ ಪುಕ್ಕ ಆ ಮುಚ್ಚುಮರೆಗೆ ನೆರವಾಗುತ್ತದೆ. ಗುಂಡಗೆ ಕಾಣುವ ಸಿಲ್ಕಿಯ ಎದೆಯ ಮೇಲೆ ಬೆರಳಿಟ್ಟರೆ ಎದೆಮೂಳೆ ಚಾಕುವಿನ ಅಂಚಿನಂತೆ ಸಿಗುವುದುಂಟು. ಆದ್ದರಿಂದ ವಾರಕ್ಕೊಮ್ಮೆ, ಕತ್ತಲಾಗಿ ಹಕ್ಕಿ ಶಾಂತವಾದ ಮೇಲೆ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಸೆರಾಮಕ್ಕೆ 40 ಗ್ರಾಂ ಇಳಿದರೆ ಅದು ಮೈತೂಕದ ಸುಮಾರು ಹತ್ತನೆಯ ಒಂದು ಭಾಗ. ತೂಗಿದ ಮೇಲೆ ಎದೆಮೂಳೆ ಸವರಿ, ಗುದದ ಸುತ್ತಲಿನ ಗರಿಯನ್ನು ಸರಿಸಿ ಹೇನಿದೆಯೇ ನೋಡಿ, ಪಾದದ ಅಡಿ ತಿರುಗಿಸಿ ಕಪ್ಪು ಹಕ್ಕಳೆಯ ಗಂಟಿದೆಯೇ ಪರೀಕ್ಷಿಸಿ. ಕೆಂಪು ನುಸಿಯನ್ನು ಹಕ್ಕಿಯ ಮೈಮೇಲೆ ಹಗಲಲ್ಲಿ ಹುಡುಕಿ ಫಲವಿಲ್ಲ. ಅದು ಹಗಲು ಮರದ ಬಿರುಕಿನಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ಅಡ್ಡಗೋಲಿನ ಅಡಿಭಾಗಕ್ಕೆ ಬಿಳಿ ಬಟ್ಟೆ ಒತ್ತಿ ಎಳೆದಾಗ ರಕ್ತದ ಗೀರು ಮೂಡಿದರೆ ಔಷಧ ಬೇಕಾದದ್ದು ಗೂಡಿಗೂ ಸಹ. ಹಿಕ್ಕೆಯಲ್ಲಿ ಆಗಾಗ ಕಾಣುವ ಕಂದು ಬಣ್ಣದ, ನಾತದ ಅಂಟುಮುದ್ದೆ ಕರುಳಿನ ಕುರುಡುಚೀಲದ್ದು, ಸಹಜ. ಮೂರರಿಂದ ಆರು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಕರುಳಿನ ಪರಾವಲಂಬಿ ಜೀವಿಯಿಂದ ಬರುವ ಕಾಕ್ಸಿಡಿಯಾ ರೋಗವೆಂದೇ ತಿಳಿದು ಅದೇ ದಿನ ಔಷಧ ಕೊಡಿಸಬೇಕು. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬೀಳುವ ಎಳೆಯ ಹಕ್ಕಿಗೆ ಮರೆಕ್ ರೋಗದ ಶಂಕೆ. ಇದಕ್ಕೆ ಚಿಕಿತ್ಸೆಯಿಲ್ಲ, ಮೊಟ್ಟೆಯೊಡೆದ ದಿನವೇ ಹಾಕುವ ಲಸಿಕೆಯೊಂದೇ ರಕ್ಷಣೆ. ಕೊಳ್ಳುವಾಗಲೇ ಹಾಕಿಸಿದೆಯೇ ಎಂದು ಕೇಳಿ.

ಮನುಷ್ಯರ ಕಡೆಯ ಎಚ್ಚರವೂ ಇದೆ. ನೋಡಲು ಶುಭ್ರವಾಗಿರುವ ಕೋಳಿಯ ಕರುಳಿನಲ್ಲೂ ಮನುಷ್ಯರಿಗೆ ಕಾಯಿಲೆ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು; ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದು, ಮುಖಕ್ಕೆ ಮುಖ ತಾಗಿಸದಿರುವುದು ಕಡ್ಡಾಯ, ಐದು ವರ್ಷದೊಳಗಿನ ಮಕ್ಕಳಿದ್ದರಂತೂ ದೊಡ್ಡವರ ಕಣ್ಣಿರಲೇಬೇಕು. ಕಾಡುಹಕ್ಕಿಗಳು ಮೇವು ನೀರಿನ ಪಾತ್ರೆಗೆ ಇಳಿಯದಂತೆ ಮುಚ್ಚಿಡಿ, ಹಕ್ಕಿಜ್ವರ ಬರುವ ದಾರಿಗಳಲ್ಲಿ ಅದೂ ಒಂದು. ಹಲವು ಕೋಳಿಗಳು ದಿಢೀರನೆ ಸತ್ತರೆ ಹೂಳುವ ಮೊದಲು ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ನಾಯಿ, ಬೆಕ್ಕುಗಳನ್ನಷ್ಟೇ ನೋಡುವ ವೈದ್ಯರು ಬಹಳ. ಕೋಳಿ ನೋಡುವವರು ಯಾರೆಂದು ಹಕ್ಕಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಔಷಧ ಬರೆಸಿಕೊಳ್ಳುವಾಗ ಈ ಹೇಂಟೆಯ ಮೊಟ್ಟೆ ತಿನ್ನುತ್ತೇವೆ ಎಂಬುದನ್ನು ತಪ್ಪದೆ ಹೇಳಿ, ಎಷ್ಟು ದಿನದ ಮೊಟ್ಟೆಯನ್ನು ಬಳಸಬಾರದೆಂದು ಚೀಟಿಯಲ್ಲೇ ಬರೆಸಿಕೊಳ್ಳಿ.