ಹಳೇ ವಾಡೆಗೆ ಹೊಸ ಕೆಲಸ: ಮೊದಲು ತೊಲೆ ಬಡಿದು ನೋಡಿ

ಜಮಖಂಡಿ ಕಡೆಯ ಒಂದು ಊರಿಗೆ ಹಳೇ ವಾಡೆ, ಅಂದರೆ ಹಿರಿಯರ ಕಾಲದ ದೊಡ್ಡ ಮನೆ, ನೋಡಲು ಹೋಗಿದ್ದೆ. ಚಹಾ ಬರುವ ಮೊದಲೇ ಯಜಮಾನರು ಕೇಳಿದರು: "ಸಾಹೇಬ್ರ, ಇದನ್ನ ಕೆಡವಿ ಕಾಂಪ್ಲೆಕ್ಸ್ ಕಟ್ಟಸ್ಲೋ, ಮ್ಯೂಸಿಯಂ ಮಾಡ್ಲೋ?" ನಮ್ಮ ಕಡೆ ಜಾಸ್ತಿ ಜನಕ್ಕೆ ಇವೆರಡೇ ದಾರಿ ಕಾಣುತ್ತವೆ. ನಾನು ಏಣಿ ಕೇಳಿದೆ.

ಮರದ ತೊಲೆ ನಡುವೆ ಬೇಗ ಕೆಡುವುದಿಲ್ಲ. ಕೊಳೆಯುವುದು ಗೋಡೆಯೊಳಗೆ ಹೊಕ್ಕ ತುದಿ. ಅಲ್ಲಿ ಸುತ್ತಿಗೆಯಿಂದ ಬಡಿದರೆ ಟಣ್ ಅನ್ನಬೇಕು. ದಬ್ ಅಂದರೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಬೆರಳುದ್ದ ಒಳಗೆ ಇಳಿಯಿತೋ, ಹೆಚ್ಚಾಗಿ ಮೇಲೆ ಎಲ್ಲೋ ನೀರು ಸೋರುತ್ತಿದೆ ಅಂತ ಅರ್ಥ. ಆ ಪಡಸಾಲೆಯ ಹನ್ನೆರಡು ತೊಲೆಗಳಲ್ಲಿ ಎರಡು ಕೆಟ್ಟಿದ್ದವು. ಎರಡೂ ಮೇಲಂತಸ್ತಿನಲ್ಲಿ ಆಮೇಲೆ ಮಾಡಿಸಿದ ಬಚ್ಚಲ ಕೆಳಗಿನವು.

ನೋಡಿದ ಕೂಡಲೇ ನನ್ನ ಹಳೇ ತಪ್ಪು ನೆನಪಾಯಿತು. ವೃತ್ತಿಯ ಶುರುವಿನಲ್ಲಿ ಒಂದು ವಾಡೆಯನ್ನು ಲಾಡ್ಜ್ ಮಾಡಲು ಹೋಗಿ, ಮೇಲಿನ ಪ್ರತಿ ಕೋಣೆಗೂ ಬಾತ್‌ರೂಮ್ ಅಂಟಿಸಿದ್ದೆ. ಮೂರನೇ ಮಳೆಗಾಲಕ್ಕೆ ತೊಲೆ ಜಗ್ಗಿತು. ಮಾಲೀಕರು ಬೈಯಲಿಲ್ಲ, ಅದೇ ಜಾಸ್ತಿ ನೋವಾಯಿತು. ಅಲ್ಲಿಂದಾಚೆ ಅಡುಗೆ, ಬಚ್ಚಲು, ಸಂಡಾಸು, ಎಲ್ಲವನ್ನೂ ಹಿತ್ತಲಿಗೆ ಹಾಕುತ್ತೇನೆ. ಹಿರಿಯರೂ ಹಾಗೇ ಕಟ್ಟಿದ್ದರು, ಅಲ್ವಾ?

ಹಾಗಾಗಿ ಹಳೇ ಕಟ್ಟಡಕ್ಕೆ ಯಾವ ಕೆಲಸ ಕೊಡಬೇಕು ಅನ್ನುವುದಕ್ಕೆ ನಾನು ಮೊದಲು ನೋಡುವುದು ನೀರಿನ ಲೆಕ್ಕ. ಓದುವ ಕೋಣೆ, ಟ್ಯೂಷನ್, ಹೊಲಿಗೆ ತರಬೇತಿ, ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆಯ) ಅಂಗಡಿ, ಇವೆಲ್ಲ ಒಣ ಕೆಲಸ. ವಾಡೆ ತಡೆದುಕೊಳ್ಳುತ್ತದೆ. ಖಾನಾವಳಿಯೂ ನಡೆದೀತು, ಒಲೆ ಹಿತ್ತಲಲ್ಲಿದ್ದರೆ. ಪವರ್‌ಲೂಮ್ ಮಾತ್ರ ಬೇಡ. ಅದರ ಅದುರಿಗೆ ಮಣ್ಣಿನ ಗೋಡೆ ಬಿರುಕು ಬಿಡುತ್ತದೆ.

ಮ್ಯೂಸಿಯಂ? ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಮ್ಯೂಸಿಯಂ ಚೆನ್ನಾಗಿಯೇ ನಡೆಯುತ್ತಿದೆ. ಅಲ್ಲಿಗೆ ಗುಮ್ಮಟ ನೋಡಲು ಬಂದ ಜನ ಹೇಗೂ ಬರುತ್ತಾರೆ. ಸಣ್ಣ ಊರಿನಲ್ಲಿ ಉದ್ಘಾಟನೆ ಮರುದಿನ ಬೀಗ ಬೀಳುತ್ತದೆ. ಬೀಗ ಹಾಕಿದ ಮನೆಯಲ್ಲಿ ಸೋರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಂತ ಸಿಕ್ಕ ಕೆಲಸ ತುರುಕುವುದೂ ತಪ್ಪು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಯಪುರಕ್ಕೆ ಬಂದಾಗ ಬ್ರಿಟಿಷರು ಆದಿಲ್‌ಶಾಹಿ ಕಟ್ಟಡಗಳಲ್ಲೇ ಕಚೇರಿ, ಮನೆ ಮಾಡಿಕೊಂಡರು. ಗೋಳಗುಮ್ಮಟದ ಪಕ್ಕದ ಮಸೀದಿಯೇ ಪ್ರವಾಸಿ ಬಂಗಲೆಯಾಗಿತ್ತು! ಕೊನೆಗೆ ವೈಸ್‌ರಾಯ್ ಕರ್ಜನ್ನನೇ ಇಂಥದ್ದನ್ನು ಬಿಡಿಸಲು ಮುಂದಾಗಬೇಕಾಯಿತು.

ಕಾನೂನಿನ ಮಾತೂ ಒಂದಿದೆ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರ್‌ವರೆಗೆ ಏನು ಕಟ್ಟುವುದಾದರೂ ಕೇಳಿಯೇ ಕಟ್ಟಬೇಕು. ವಿಜಯಪುರದಲ್ಲಿ ಇದು ಬಹಳ ಮನೆಗಳಿಗೆ ತಾಗುತ್ತದೆ.

ಇನ್ನು ಸಿಮೆಂಟ್. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ಆ ತೇವ ಒಳಗೇ ನಿಲ್ಲುತ್ತದೆ, ಉಪ್ಪು ಮೇಲೆದ್ದು ಕಲ್ಲೇ ಪುಡಿಯಾಗಿ ಉದುರುತ್ತದೆ. ಮಾಳಿಗೆಗೂ, ಅಂದರೆ ಮೇಲಿನ ಮಣ್ಣಿನ ಛಾವಣಿಗೂ, ಅಷ್ಟೇ. ಮಳೆಗಾಲದ ಮುಂಚೆ ಕರಲು (ಚೌಳು) ಮಣ್ಣು ಹರವುತ್ತಿದ್ದರಲ್ಲ, ಅದು ಸುಮ್ನೆ ಅಲ್ಲ. ನೀರು ಬಿದ್ದ ಕೂಡಲೇ ಆ ಮಣ್ಣಿನ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದಿಯಲ್ಲಿ ಕೂತು ದಾರಿ ಮುಚ್ಚುತ್ತವೆ. ಅದರ ಮೇಲೆ ಕಾಂಕ್ರೀಟ್ ಸುರಿದರೆ ಹಳೇ ತೊಲೆಗೆ ಬರೀ ಭಾರ.

ಯಜಮಾನರ ವಾಡೆಯಲ್ಲಿ ಎರಡು ತೊಲೆ ಬದಲಾಯಿಸಿ, ಮೇಲಿನ ಬಚ್ಚಲು ತೆಗೆಸಿದೆವು. ಪಡಸಾಲೆಯಲ್ಲಿ ಈಗ ಪರೀಕ್ಷೆಗೆ ಓದುವ ಹುಡುಗರು ತಿಂಗಳಿಗಿಷ್ಟು ಕೊಟ್ಟು ಕೂರುತ್ತಾರೆ. ಮೂಲೆಯ ಹಗೇವು, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಮುಚ್ಚಿಸಬೇಕು ಅಂತಿದ್ದರು, ಬೇಡ ಅಂದೆ. ಕಬ್ಬಿಣದ ಜಾಳಿಗೆ ಹಾಕಿಸಿದ್ದೇವೆ. ಹುಡುಗರು ಮೊಬೈಲ್ ಟಾರ್ಚ್ ಬಿಟ್ಟು ಇಣುಕುತ್ತಾರೆ.

ಮೇ ತಿಂಗಳಲ್ಲಿ ಅವರ ಫೋನ್ ಬಂತು. "ಸಾಹೇಬ್ರ, ಕರಲು ಮಣ್ಣು ಎಷ್ಟು ಟ್ರ್ಯಾಕ್ಟರ್ ಹೇಳ್ಲಿ?"